ಮಂಗೋಲರ ದಂಡು ಬಂದಿದೆ, ಅನುಭವ ಇದ್ದವರು ದಾರಿ ಹೇಳಿ

ಮೆಡೀವಲ್ 2: ಟೋಟಲ್ ವಾರ್ ಎಂಬ ಕಂಪ್ಯೂಟರ್ ಯುದ್ಧದ ಆಟದಲ್ಲಿ ಬೈಜಾಂಟಿಯಂ ಸಾಮ್ರಾಜ್ಯದ ಪರವಾಗಿ ಆಡುತ್ತಿದ್ದೇನೆ. 1080ರಿಂದ ಊರಿಗೆ ಊರು ಸೇರಿಸಿ ಕಟ್ಟಿದ ರಾಜ್ಯ. ಈಗ ಪೂರ್ವದಿಂದ ಮಂಗೋಲರ ಆರು ದಂಡುಗಳು ಇಳಿದಿವೆ, ಒಂದೊಂದರಲ್ಲೂ ಹೆಚ್ಚುಕಡಿಮೆ ಇಪ್ಪತ್ತು ತುಕಡಿ. ಬಯಲಿನಲ್ಲಿ ಎದುರಿಸಲು ಹೋದ ನನ್ನ ಅಶ್ವದಳ ಒಬ್ಬನನ್ನೂ ಮುಟ್ಟದೆ ಬಾಣಕ್ಕೆ ಬಲಿಯಾಯಿತು. ಟ್ರೆಬಿಜಾಂಡ್ ಊರೂ ಹೋಯಿತು. ಮುಂದೇನು ಮಾಡಲಿ?

*

ಅಟ್ಟಿಸಿಕೊಂಡು ಹೋದಿರಿ, ಅಲ್ಲವೇ? ನಾನೂ ಹೋಗಿದ್ದೆ. ಅವರು ಓಡುತ್ತಲೇ ಹಿಂದಕ್ಕೆ ಬಾಣ ಬಿಡುತ್ತಾರೆ; ಕವಚ ತೊಟ್ಟ ನಿಮ್ಮ ಕುದುರೆಗಳು ಅರ್ಧ ಬಯಲು ದಾಟುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತವೆ. ಕುದುರೆ ಮೇಲಿನ ಬಿಲ್ಲುಗಾರನಿಗೆ ಮದ್ದು ನೆಲದ ಮೇಲೆ ನಿಂತ ಬಿಲ್ಲುಗಾರ. ಕಾಲಾಳು ತುಕಡಿಯಲ್ಲಿ ತಲೆ ಹೆಚ್ಚು, ಆದ್ದರಿಂದ ಒಂದು ಸಲಕ್ಕೆ ಹಾರುವ ಬಾಣವೂ ಹೆಚ್ಚು. ಬೈಜಾಂಟಿಯಂಗೆ ಸ್ವಂತ ಅಡ್ಡಬಿಲ್ಲು (ಕ್ರಾಸ್‌ಬೋ) ದಳವಿಲ್ಲ ಎಂದು ಕೊರಗಬೇಡಿ. ಟ್ರೆಬಿಜಾಂಡ್ ಬಿಲ್ಲುಗಾರರು ಸಾಕು. ಹೆಸರು ಆ ಊರಿನದಾದರೂ ಬೇರೆ ಕಡೆಯೂ ತಯಾರಾಗುತ್ತಾರೆ. ಮುಂದೆ ಈಟಿಯವರು, ಬೆನ್ನಿಗೆ ಅವರು.

*

ಬಯಲಿನ ಮಾತೇ ಬೇಡ. ನಕ್ಷೆಯಲ್ಲಿ ಅವರ ದಾರಿಗೆ ಅಡ್ಡವಾಗಿ ಸೇತುವೆ ಹುಡುಕಿ, ಅದರ ಮೇಲೆಯೇ ದಂಡು ನಿಲ್ಲಿಸಿ. ಯುದ್ಧ ತೆರೆದ ಮೇಲೆ ಸೇತುವೆಯ ಈಚೆಯ ಬಾಯಿಗೆ ಈಟಿಯವರನ್ನು ಅರ್ಧಚಂದ್ರಾಕಾರದಲ್ಲಿ ಹೂಡಿ. ನಾನು ಕಲಿತ ಇನ್ನೊಂದು ಪಾಠ: ತಾವಾಗಿಯೇ ಬಾಣ ಬಿಡುವ ಆಯ್ಕೆಯನ್ನು ಆರಂಭದಲ್ಲಿ ತೆಗೆದುಬಿಡಿ. ಇಲ್ಲದಿದ್ದರೆ ಆಚೆ ದಡದಲ್ಲಿ ಸುಳಿಯುವ ನಾಲ್ಕು ಸವಾರರ ಮೇಲೆ ಬತ್ತಳಿಕೆ ಖಾಲಿಯಾಗುತ್ತದೆ. ಭಾರೀ ಸವಾರರು ಸೇತುವೆಯ ನಡುವೆ ಒತ್ತೊತ್ತಾಗಿ ಸಿಕ್ಕಿಕೊಂಡಾಗ ಬೆಂಕಿಬಾಣ ಬಿಡಿ. ಅಲ್ಲಿ ಮುಂದಿನವನು ಹಿಂದೆ ಬರಲಾರ, ಹಿಂದಿನವನು ಮುಂದೆ ಹೋಗಲಾರ. ಜಾತ್ರೆಯ ನೂಕುನುಗ್ಗಲು ನೆನಪಾಗುತ್ತದೆ.

*

ಮೇಲಿನವರ ಮಾತು ಸರಿ, ಆದರೆ ಸೇತುವೆ ಸಿಕ್ಕಿತೆಂದು ನಿದ್ದೆ ಮಾಡಬೇಡಿ. 1241ರಲ್ಲಿ ಮೋಹಿಯಲ್ಲಿ ಹಂಗೇರಿಯವರೂ ಶಾಯೋ ನದಿಯ ಸೇತುವೆಯನ್ನು ಅಡ್ಡಬಿಲ್ಲಿನವರಿಂದ ಕಾದರು. ಮಂಗೋಲರು ಕಲ್ಲೆಸೆಯುವ ಯಂತ್ರಗಳಿಂದ ಅವರನ್ನು ಚದುರಿಸಿದರು. ಅವರ ಸೇನಾಪತಿ ಸುಬುತಾಯಿ ಬೇರೆ ಕಡೆ ನದಿ ದಾಟಿ ಬಂದ. ಆಟದಲ್ಲೂ ಕೆಲವು ನದಿಗಳಿಗೆ ಎರಡು ದಾಟುದಾರಿಗಳಿರುತ್ತವೆ, ಮೊದಲೇ ನೋಡಿಕೊಳ್ಳಿ. ಸೋತ ದೊರೆ ನಾಲ್ಕನೆಯ ಬೇಲಾ ಆಮೇಲೆ ಕಲ್ಲಿನ ಕೋಟೆಗಳನ್ನು ಕಟ್ಟಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಗಬಹುದು, ಆದರೆ 1285ರಲ್ಲಿ ಮಂಗೋಲರು ಮತ್ತೆ ಬಂದಾಗ ಆ ಬಾಗಿಲು ಕೆಲಸಕ್ಕೆ ಬಂತು.

*

ಕೋಟೆಯೊಳಗೆ ಸಿಕ್ಕಿಕೊಂಡರೆ ಏಣಿ ಹೊತ್ತು ಬರುವ ಕಾಲಾಳುಗಳನ್ನು ಮೊದಲು ಹೊಡೆಯಿರಿ. ಕುದುರೆ ಏಣಿ ಹತ್ತುವುದಿಲ್ಲ.

*

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಸೇತುವೆ ಹಿಡಿದೆ. ಬಾಣ ಬಿಡುವ ಆಯ್ಕೆ ತೆಗೆಯಲು ಒಂದು ತುಕಡಿಗೆ ಮರೆತೆ, ಹೇಳಿದಂತೆಯೇ ಅದರ ಬತ್ತಳಿಕೆ ಮೊದಲ ಹೊತ್ತಿನಲ್ಲೇ ಬರಿದಾಯಿತು. ಆದರೂ ಅವರ ಸೇನಾಪತಿ ಸೇತುವೆಯ ಮೇಲೆಯೇ ಬಿದ್ದ, ಒಂದು ದಂಡು ಪೂರ್ತಿ ಮುರಿಯಿತು. ಇನ್ನು ಐದು ಇವೆ. ನನ್ನ ಬಳಿ ಉಳಿದಿರುವುದು ಏಳು ತುಕಡಿ.