ಪಿನ್‌ಬಾಲ್ ಯಂತ್ರದ ದುರಸ್ತಿಗೆ ಯಾವ ಪುಸ್ತಕ ಕೊಳ್ಳಬೇಕು?

ಗುಜರಿಪ್ರಿಯ, ಕೋಲಾರ

ಕಳೆದ ತಿಂಗಳು ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಕಬ್ಬಿಣದ ಮಂಚಗಳ ಹಿಂದೆ ಬಿದ್ದಿದ್ದ ಪಿನ್‌ಬಾಲ್ (ಓರೆ ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಹೊಡೆದು ಅಂಕ ಗಳಿಸುವ ಆಟ) ಯಂತ್ರವೊಂದನ್ನು ಕೊಂಡು ತಂದೆ. ಹಿಂಬದಿಯ ಗಾಜಿನ ಮೇಲೆ ‘ಜ್ಯಾಕ್ಸ್ ಓಪನ್’ ಎಂದಿದೆ. ತಯಾರಕರು ಷಿಕಾಗೊದ ಗಾಟ್ಲೀಬ್. ಆಟದ ಹಲಗೆಯನ್ನು ಎತ್ತಿ ನೋಡಿದರೆ ಒಂದು ಐ.ಸಿ. (ಎಲೆಕ್ಟ್ರಾನಿಕ್ ಚಿಪ್) ಕೂಡ ಕಾಣಲಿಲ್ಲ, ಎಲ್ಲವೂ ರಿಲೇ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್), ಕಾಯಿಲ್ (ತಂತಿಯ ಸುರುಳಿ) ಮತ್ತು ಬಣ್ಣಬಣ್ಣದ ತಂತಿಗಳ ದಪ್ಪ ಕಂತೆ. ಆಟ ಆರಂಭವಾಗುತ್ತದೆ, ಅಂಕಗಳೂ ಏರುತ್ತವೆ. ಆದರೆ ಎಡಗಡೆಯ ಫ್ಲಿಪ್ಪರ್‌ನ (ಚೆಂಡನ್ನು ಹೊಡೆಯುವ ಪುಟ್ಟ ತೋಳು) ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಕಾಯಿಲ್ ಮುಟ್ಟಲಾಗದಷ್ಟು ಕಾಯ್ದು, ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. ಆನ್‌ಲೈನಿನಲ್ಲಿ ಎರಡೂವರೆ ಸಾವಿರ ಕೊಟ್ಟು ತರಿಸಿದ ಪುಸ್ತಕದಲ್ಲಿ ನುಣುಪು ಕಾಗದದ ಚಿತ್ರಗಳಿವೆಯೇ ಹೊರತು ಒಂದು ತಂತಿಯ ಸುದ್ದಿಯೂ ಇಲ್ಲ. ಬಲ್ಲವರು ಸರಿಯಾದ ಪುಸ್ತಕ ಅಥವಾ ಕೈಪಿಡಿಯನ್ನು ಸೂಚಿಸಬೇಕಾಗಿ ವಿನಂತಿ. ಅಮೆರಿಕದ ಯಂತ್ರ ನಮ್ಮ ಕರೆಂಟಿಗೆ ಹೊಂದುತ್ತದೆಯೇ ಎಂಬುದನ್ನೂ ತಿಳಿಸಿ.

ಹಳೆಗಡಿಯಾರ, ತುಮಕೂರು

ನಾನು ಇಲ್ಲಿನ ಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಮನೆಯಲ್ಲಿ ಇಂತಹ ಎರಡು ಯಂತ್ರಗಳಿವೆ. ಇನ್ನೊಂದು ಪುಸ್ತಕಕ್ಕೆ ಹಣ ಹಾಕುವ ಮೊದಲು ನಿಮ್ಮ ಯಂತ್ರದ್ದೇ ಆದ ವಿದ್ಯುತ್ ನಕ್ಷೆಯನ್ನು ತರಿಸಿಕೊಳ್ಳಿ.

ಚಿತ್ರದ ಪುಸ್ತಕಗಳನ್ನು ನಾನು ಹಳಿಯುವುದಿಲ್ಲ. ನ್ಯೂಯಾರ್ಕ್ ನಗರವು ಈ ಆಟವನ್ನು ಜೂಜೆಂದು ದಶಕಗಳ ಕಾಲ ನಿಷೇಧಿಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತರು ಅಲ್ಲಿನ ನಗರ ಪರಿಷತ್ತಿನ ಸಮಿತಿಯ ಮುಂದೆ ಆಡಿ ತೋರಿಸಿ, ಇದರಲ್ಲಿರುವುದು ಕೈಚಳಕವೆಂದು ಒಪ್ಪಿಸಿದರು. ಮರುವರ್ಷ ಅವರು ಹೊರತಂದ ‘ಪಿನ್‌ಬಾಲ್!’ ಇಂದಿಗೂ ಸಂಗ್ರಾಹಕರ ಕಪಾಟಿನಲ್ಲಿರುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಒಂದು ಪಾಯಿಂಟನ್ನು (ಸ್ವಿಚ್‌ನ ಲೋಹದ ಸಂಪರ್ಕ) ಸರಿಮಾಡಲಾಗದು, ಅಷ್ಟೆ.

ದುರಸ್ತಿಯ ಪುಸ್ತಕ ಕೊಳ್ಳುವುದೇ ಆದರೆ ಅದು ಯಾವ ಕಾಲದ ಯಂತ್ರಗಳಿಗೆ ಬರೆದದ್ದೆಂದು ನೋಡಿಕೊಳ್ಳಿ. ಜ್ಯಾಕ್ಸ್ ಓಪನ್ 1977ರದು. ಗಾಟ್ಲೀಬ್‌ನ ಮೊದಲ ಎಲೆಕ್ಟ್ರಾನಿಕ್ ಯಂತ್ರ ‘ಕ್ಲಿಯೋಪಾತ್ರ’ ಬಂದದ್ದೂ ಅದೇ ವರ್ಷ. ಹೀಗೆ ನಿಮ್ಮದು ರಿಲೇ ಕಾಲದ ಕೊನೆಯ ಕೂಸುಗಳಲ್ಲಿ ಒಂದಾದುದರಿಂದ, ಟ್ರಾನ್ಸಿಸ್ಟರ್ ಮತ್ತು ಬೋರ್ಡುಗಳನ್ನು ವಿವರಿಸುವ ಪುಸ್ತಕ ಎಷ್ಟೇ ಒಳ್ಳೆಯದಾಗಿದ್ದರೂ ನಿಮ್ಮ ಕೆಲಸಕ್ಕೆ ಬಾರದು.

ಬ್ಯಾಲಿ, ವಿಲಿಯಮ್ಸ್ ಕಂಪನಿಗಳ ಬಹಳಷ್ಟು ಕೈಪಿಡಿಗಳು ‘ಇಂಟರ್‌ನೆಟ್ ಪಿನ್‌ಬಾಲ್ ಡೇಟಾಬೇಸ್’ ಎಂಬ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಗಾಟ್ಲೀಬ್ ವಿಷಯ ಬೇರೆ: ಅದರ ಹಕ್ಕುಗಳು ಇನ್ನೂ ಒಡೆಯರ ಕೈಯಲ್ಲಿರುವುದರಿಂದ, ಅನುಮತಿ ಪಡೆದು ಮರುಮುದ್ರಿಸುವ ಅಮೆರಿಕದ ‘ದಿ ಪಿನ್‌ಬಾಲ್ ರಿಸೋರ್ಸ್’ನಂತಹ ಅಂಗಡಿಯಿಂದ ನಕ್ಷೆಯನ್ನು ಹಣ ಕೊಟ್ಟೇ ತರಿಸಬೇಕು. ದೊಡ್ಡ ಹಾಳೆಯನ್ನೇ ಕೇಳಿ. ನನ್ನ ಮೊದಲ ಯಂತ್ರದ ನಕ್ಷೆಯನ್ನು ನಾನು ಹದಿನಾರು ಸಣ್ಣ ಹಾಳೆಗಳಲ್ಲಿ ಮುದ್ರಿಸಿ ಅಂಟಿಸಿದ್ದೆ. ಅಂಟಿನ ಗೆರೆಯ ಬಳಿ ಎರಡು ತಂತಿಗಳು ಅದಲುಬದಲಾಗಿ ಕಂಡು, ಇಲ್ಲದ ದೋಷವನ್ನು ಮೂರು ಭಾನುವಾರ ಹುಡುಕಿದೆ. ಈಗ ಮನೆ ಪ್ಲಾನ್ ಮುದ್ರಿಸುವ ಅಂಗಡಿಯಲ್ಲಿ ಒಂದೇ ಹಾಳೆಗೆ ತೆಗೆಸಿ, ಪರೀಕ್ಷಿಸಿದ ತಂತಿಯ ಮೇಲೆ ಹಸಿರು ಪೆನ್ಸಿಲ್ ಎಳೆಯುತ್ತಾ ಹೋಗುತ್ತೇನೆ. ಸ್ವಿಚ್‌ಗಳನ್ನು ಯಂತ್ರದ ಯಾವ ಸ್ಥಿತಿಯಲ್ಲಿ ಚಿತ್ರಿಸಿದ್ದಾರೆಂಬ ಟಿಪ್ಪಣಿ ಹಾಳೆಯ ಮೇಲೆಯೇ ಇರುತ್ತದೆ. ಅದನ್ನು ಓದದೆ ಒಂದು ಪಾಯಿಂಟನ್ನೂ ಬಗ್ಗಿಸಬೇಡಿ.

ನಿಮ್ಮ ಕಾಯಿಲ್ ಸುಡಲು ಕಾರಣ ಬಹುಶಃ ಚಿಕ್ಕದೇ. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತುಗಳಿರುತ್ತವೆ: ಚೆಂಡನ್ನು ಹೊಡೆಯಲು ದಪ್ಪ ತಂತಿಯದು, ಎತ್ತಿ ಹಿಡಿಯಲು ಸಣ್ಣ ತಂತಿಯದು. ಫ್ಲಿಪ್ಪರ್ ಪೂರ್ತಿ ಮೇಲೇರಿದಾಗ ಪಕ್ಕದ ಪಾಯಿಂಟ್ ತೆರೆದುಕೊಂಡು ಸಣ್ಣ ಸುತ್ತನ್ನೂ ದಾರಿಗೆ ಸೇರಿಸುವುದರಿಂದ ಕರೆಂಟು ತಗ್ಗುತ್ತದೆ. ಪಾಯಿಂಟ್ ತೆರೆಯದಿದ್ದರೆ ದಪ್ಪ ಸುತ್ತು ಪೂರ್ಣ ಭಾರವನ್ನು ಹೊತ್ತು ಕಾಯುತ್ತದೆ. ಪ್ಲಗ್ ಕಿತ್ತು, ಕೈಯಿಂದ ಫ್ಲಿಪ್ಪರನ್ನು ಎತ್ತಿ ನೋಡಿ. ಒಂದೂವರೆಯಿಂದ ಮೂರು ಮಿಲಿಮೀಟರ್ ಸಂದು ಕಾಣಬೇಕು. ಪಾಯಿಂಟ್ ಕಪ್ಪಾಗಿದ್ದರೆ ಸಣ್ಣ ಅರದಿಂದ ಹದವಾಗಿ ಉಜ್ಜಿ. ಎಣ್ಣೆಯನ್ನಂತೂ ಕಾಯಿಲ್‌ನ ಹತ್ತಿರವೂ ತರಬೇಡಿ. ಧೂಳು ಕೂಡಿ ಅಂಟಾಗುತ್ತದೆ.

ರೀವೈಂಡಿಂಗ್, ಚಿಂತಾಮಣಿ

ಹಿರಿಯರು ಹೇಳಿದ್ದು ಸರಿ. ಬೋರ್‌ವೆಲ್ ಮೋಟಾರುಗಳ ನಡುವೆ ಇಂತಹ ಕಾಯಿಲ್‌ಗಳನ್ನು ನಾಲ್ಕಾರು ಬಾರಿ ಸುತ್ತಿಕೊಟ್ಟವನಾಗಿ ಒಂದು ಮಾತು ಸೇರಿಸುತ್ತೇನೆ. ವಿಲಿಯಮ್ಸ್ ಕಾಯಿಲ್ ಮೇಲೆ ‘ಎಇ-23-800’ ಎಂದಿದ್ದರೆ 23 ಗೇಜ್ (ತಂತಿಯ ದಪ್ಪದ ಅಳತೆ) ತಂತಿ, 800 ಸುತ್ತು ಎಂದರ್ಥ. ಗಾಟ್ಲೀಬ್ ಸಂಖ್ಯೆಯಲ್ಲಿ ಈ ಗುಟ್ಟು ಇರುವುದಿಲ್ಲವಾದ್ದರಿಂದ, ಕೈಪಿಡಿ ತರಿಸುವಾಗ ಕಾಯಿಲ್ ಪಟ್ಟಿಯನ್ನೂ ಸೇರಿಸಿ ತರಿಸಿ. ಅಮೆರಿಕದ ಗೇಜ್ ಬೇರೆ, ನಮ್ಮ ಅಂಗಡಿಗಳ ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜ್) ಬೇರೆ ಎಂಬುದೂ ನೆನಪಿರಲಿ: ಅವರ 23 ಸುಮಾರು 0.57 ಮಿಲಿಮೀಟರ್, ನಮ್ಮ 23 ಸುಮಾರು 0.61. ಆದ್ದರಿಂದ ಸುತ್ತುವವನಿಗೆ ಮಿಲಿಮೀಟರಿನಲ್ಲಿಯೇ ಹೇಳಿ.

ಕರೆಂಟಿನ ವಿಷಯ: ಅಲ್ಲಿ 115 ವೋಲ್ಟ್, 60 ಹರ್ಟ್ಜ್, ಇಲ್ಲಿ 230 ವೋಲ್ಟ್, 50 ಹರ್ಟ್ಜ್. ರಫ್ತಿಗೆ ತಯಾರಾದ ಎಷ್ಟೋ ಯಂತ್ರಗಳ ಟ್ರಾನ್ಸ್‌ಫಾರ್ಮರ್‌ನಲ್ಲಿ 230 ವೋಲ್ಟ್‌ಗೆ ಜೋಡಿಸುವ ಟ್ಯಾಪ್ (ಸುತ್ತಿನಿಂದ ಹೊರತೆಗೆದ ತುದಿ) ಇರುತ್ತದೆ. ಇಲ್ಲದಿದ್ದರೆ ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ವೋಲ್ಟ್ ಸರಿಯಾದರೂ ಹರ್ಟ್ಜ್ ಬದಲಾಗದು. ಆದುದರಿಂದ ಅಂಕದ ಮೋಟಾರ್ ತುಸು ನಿಧಾನವಾಗಿ ತಿರುಗಿ, ಟ್ರಾನ್ಸ್‌ಫಾರ್ಮರ್ ತುಸು ಹೆಚ್ಚು ಬೆಚ್ಚಗಾದರೆ ಅದನ್ನು ದೋಷವೆಂದು ಬಗೆದು ಬಿಚ್ಚಬೇಡಿ.

ಗುಜರಿಪ್ರಿಯ, ಕೋಲಾರ

ಇಬ್ಬರಿಗೂ ವಂದನೆಗಳು. ನಿನ್ನೆ ರಾತ್ರಿ ಪ್ಲಗ್ ಕಿತ್ತು, ಟಾರ್ಚ್ ಬೆಳಕಿನಲ್ಲಿ ಫ್ಲಿಪ್ಪರನ್ನು ಕೈಯಿಂದ ಎತ್ತಿ ನೋಡಿದೆ. ಬಲಗಡೆಯ ಪಾಯಿಂಟ್ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಎಡಗಡೆಯದು ಅಲುಗಲೇ ಇಲ್ಲ. ಯಾರೋ ಹಿಂದೆ ಅದರ ಎರಡು ಪಟ್ಟಿಗಳನ್ನೂ ತಂತಿಯ ತುಂಡಿನಿಂದ ಬಿಗಿದು ಕಟ್ಟಿಬಿಟ್ಟಿದ್ದಾರೆ. ಕಟ್ಟು ಬಿಚ್ಚಿದ್ದೇನೆ. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್‌ಗಳ ಚಿತ್ರವನ್ನು ನಾಳೆ ಹಾಕುತ್ತೇನೆ. ನಕ್ಷೆ ಮತ್ತು ಕಾಯಿಲ್ ಪಟ್ಟಿಗೆ ಹಣ ಕಳುಹಿಸಿಯಾಯಿತು.