ದಾಸವಾಳದ ಬೇಲಿ ರಾತ್ರಿ ಯಾರು ಮೇಯ್ತಿದಾರೆ?

ಬಾಗಲಕೋಟೆ ನವನಗರದಿಂದ: ಮನೆ ಸುತ್ತ ತಂತಿ ಬೇಲಿಗುಂಟ ದಾಸವಾಳ ಹಚ್ಚಿದ್ದೇನೆ. ನಾಲ್ಕು ದಿನದಿಂದ ಬೆಳಗ್ಗೆ ಎದ್ದು ನೋಡಿದರೆ ಚಿಗುರೇ ಇಲ್ಲ. ಮನೆಯವರು ಹೆಗ್ಗಣ ಅಂತಾರೆ, ಪಕ್ಕದವರು ಮಂಗ ಅಂತಾರೆ. ಅನುಭವ ಇದ್ದವರು ಹೇಳಿ.

ಜಮಖಂಡಿಯಿಂದ: ಮಂಗ ಅಲ್ಲ ಬಿಡಿ, ಅದು ಹಗಲಿನ ಗಿರಾಕಿ. ಮೊದಲು ಕಡಿದ ತುದಿ ನೋಡಿ. ಆಡಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಕಚ್ಚಿ ಹಿಡಿದು ಜಗ್ಗಿ ಹರಿಯುತ್ತೆ, ಹಾಗಾಗಿ ತುದಿಯಲ್ಲಿ ನಾರು ಜೋತು ಬಿದ್ದಿರುತ್ತೆ. ಮೊಲಕ್ಕೆ ಮೇಲೂ ಕೆಳಗೂ ಉಳಿಯಂಥ ಹಲ್ಲು, ಬ್ಲೇಡಿನಿಂದ ಓರೆಯಾಗಿ ಕೊಯ್ದ ಹಾಗಿರುತ್ತೆ. ಇದು ಗೊತ್ತಿಲ್ಲದೆ ನಾನು ಹೋದ ವರ್ಷ ಮೊಲ ಮೊಲ ಅಂತ ಬೇಲಿ ಬುಡಕ್ಕೆಲ್ಲ ಜಾಳಿಗೆ ಕಟ್ಟಿ ಕೂತೆ. ತಿಂದಿದ್ದೆಲ್ಲ ಎದೆ ಮಟ್ಟದಲ್ಲಿ! ಅಷ್ಟೆತ್ತರಕ್ಕೆ ಮೊಲದ ಬಾಯಿ ಹೆಂಗೆ ನಿಲುಕುತ್ತೆ ಅಂತ ತಲೆಗೆ ಹೊಳೀಲೇ ಇಲ್ಲ. ಒಂದಿನ ನಸುಕಿನಲ್ಲಿ ಎದ್ದು ಹೊರಗೆ ಬಂದರೆ ನಮ್ಮ ಓಣಿಯ ಹೋತ ಹಿಂಗಾಲ ಮೇಲೆ ನಿಂತು, ಮುಂಗಾಲು ತಂತಿಗೆ ಕೊಟ್ಟು, ಗಡ್ಡ ಅಲ್ಲಾಡಿಸ್ತಾ ಆರಾಮಾಗಿ ಮೇಯ್ತಿತ್ತು.

ರಾತ್ರಿ ಒಲೆ ಬೂದಿ ಜರಡಿ ಹಿಡಿದು ಬುಡದಲ್ಲಿ ತೆಳ್ಳಗೆ ಹರಡಿ. ಒಣಗಿದ ಎರೆಮಣ್ಣು ಕಲ್ಲಿನಂಗೆ, ಅದರಲ್ಲಿ ಹೆಜ್ಜೆ ಮೂಡಲ್ಲ. ಸೀಳು ಗೊರಸು ಬಿದ್ದಿದ್ದರೆ ಆಡು.

ಖಾನಾಪುರದಿಂದ: ಹಿಕ್ಕೆನೂ ನೋಡಿ. ಮೊಲದ್ದು ಬಟಾಣಿಯಂತೆ ದುಂಡಗೆ, ಒಡೆದರೆ ಒಳಗೆ ಒಣ ಹುಲ್ಲಿನ ಪುಡಿ. ಆಡಿನದು ಉದ್ದುದ್ದ, ಕಪ್ಪಗೆ, ಹೊಳಪು ಜಾಸ್ತಿ. ನಮ್ಮ ಕಡೆ ಕಾಡಂಚಿನಲ್ಲಿ ಮುಳ್ಳುಹಂದಿ ಕಾಟ. ಅದು ಚಿಗುರಿಗಿಂತ ಬುಡದ ತೊಗಟೆ ಸುಲಿಯುತ್ತೆ, ಬೇರು ಕೆದರುತ್ತೆ. ಒಂದು ಮುಳ್ಳು ಬಿದ್ದಿದ್ದರೆ ಬೇರೆ ಸಾಕ್ಷಿ ಬೇಡ.

ನವನಗರದಿಂದ: ಬೂದಿ ಹಾಕಿದೆ. ಮೊದಲ ರಾತ್ರಿ ಬರೀ ಬೆಕ್ಕು. ಎರಡನೇ ದಿನ ಮುಂದೆ ಎರಡು ಉದ್ದ ಹೆಜ್ಜೆ, ಅದರ ಹಿಂದೆ ಎರಡು ಸಣ್ಣವು, ಕುಪ್ಪಳಿಸಿದ ಹಾಗೆ. ಟೊಂಗೆ ಗೇಣೆತ್ತರದಲ್ಲೇ ಓರೆಯಾಗಿ ಕಡಿದಿದೆ. ಮೊಲನೇ ಅಲ್ವಾ? ಹಿಂದಿನ ಖಾಲಿ ಸೈಟಿನಲ್ಲಿ ಹುಲ್ಲೆಲ್ಲ ಒಣಗಿದೆ, ಅದಕ್ಕೇ ಇಲ್ಲಿಗೆ ಬಂತೇನೋ. ಉರುಳು ಹಾಕೋಣ ಅಂತಾನೆ ಮಗ.

ಜಮಖಂಡಿಯಿಂದ: ಮೊಲನೇ. ಆದರೆ ಉರುಳು ಬೇಡ್ರೀ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದೂ ಬರುತ್ತೆ, ಸುಮ್ನೆ ಕೇಸಾದೀತು. ಎರಡು ಅಡಿ ಕೋಳಿ ಜಾಳಿಗೆ ಬುಡಕ್ಕೆ ಕಟ್ಟಿ, ಕೆಳಗಿನ ಅಂಚು ಹೊರಗೆ ಮಡಚಿ ಮೇಲೆ ಮಣ್ಣು ಎಳೀರಿ. ನನ್ನದು ಹೇಗೂ ಮೂಲೆಯಲ್ಲಿ ಬಿದ್ದಿದೆ, ಈ ಕಡೆ ಬಂದಾಗ ಒಯ್ಯಿರಿ.