ಅಪ್ಪಯ್ಯನಿಗೆ ಮೊಬಿಲಿಟಿ ಸ್ಕೂಟರ್ ಬಂದಿದೆ, ಮನೆ ಇರುವುದು ಇಳಿಜಾರಿನಲ್ಲಿ. ಬಳಸುವವರು ದಯವಿಟ್ಟು ಹೇಳಿ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಪ್ಪಯ್ಯನಿಗೆ ಈಗ 76. ಎರಡೂ ಮಂಡಿ ಸವೆದಿವೆ, ಆಪರೇಷನ್ ಬೇಡ ಎಂದು ಹಟ ಹಿಡಿದಿದ್ದಾರೆ. ಒಂದೂವರೆ ವರ್ಷದಿಂದ ಜಗಲಿ ಬಿಟ್ಟು ಇಳಿದವರೇ ಅಲ್ಲ. ಕಳೆದ ತಿಂಗಳು ಬೆಂಗಳೂರಿನಲ್ಲಿರುವ ತಮ್ಮ ನಾಲ್ಕು ಚಕ್ರದ ಮೊಬಿಲಿಟಿ ಸ್ಕೂಟರ್ ತಂದುಕೊಟ್ಟ. ಸೀಟು, ಮುಂದೆ ಹ್ಯಾಂಡಲ್, ಬುಟ್ಟಿ, ಬ್ಯಾಟರಿ, ಅಷ್ಟೇ. ಮೊದಲ ದಿನವೇ ಅಪ್ಪಯ್ಯ ಅಂಗಳ ದಾಟಿ ಕೊಟ್ಟಿಗೆಗೆ ಹೋಗಿ ದನದ ಮೈ ಸವರಿ ಬಂದರು. ಅದನ್ನು ನೋಡಿ ಅಮ್ಮ ಅತ್ತೇಬಿಟ್ಟರು.

ತೊಂದರೆ ಏನೆಂದರೆ, ಅಂಗಳದಿಂದ ಉಣುಗೋಲಿನವರೆಗೆ (ದಾರಿಗೆ ಅಡ್ಡ ಹಾಕುವ ಗಳುಗಳ ಗೇಟು) ಸುಮಾರು 40 ಮೀಟರ್ ಇಳಿಜಾರು. ನಡುವೆ ಒಂದು ತಿರುವು. ಒಂದು ಕಡೆ ದರೆ, ಇನ್ನೊಂದು ಕಡೆ ಚರಂಡಿ. ಮೊನ್ನೆ ಇಳಿಯುವಾಗ ತಿರುವಿನಲ್ಲಿ ಹಿಂದಿನ ಒಂದು ಚಕ್ರ ಮೇಲೆದ್ದಿತು. ಗಾಬರಿಯಲ್ಲಿ ಅಪ್ಪಯ್ಯ ಲಿವರನ್ನು ಇನ್ನೂ ಬಿಗಿಯಾಗಿ ಹಿಡಿದರು. ಗಾಡಿ ನಿಲ್ಲಲಿಲ್ಲ, ಮುಂದೆ ನುಗ್ಗಿತು. ತೋಟದ ಕೆಲಸದವನು ಪಕ್ಕದಲ್ಲೇ ಇದ್ದ, ಹಿಡಿದುಕೊಂಡ.

ಈಗ ಅಮ್ಮ ಅದನ್ನು ಅಟ್ಟದ ಕೆಳಗೆ ನಿಲ್ಲಿಸಿ ಗೋಣಿಚೀಲ ಮುಚ್ಚಿದ್ದಾರೆ. ಅಪ್ಪಯ್ಯ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನನಗೆ ಅವರನ್ನು ಮತ್ತೆ ಜಗಲಿಗೆ ಕಟ್ಟಿಹಾಕಲು ಮನಸ್ಸಿಲ್ಲ. ಇನ್ನು ಮೂರು ವಾರಕ್ಕೆ ಮಳೆ ಹಿಡಿಯುತ್ತದೆ. ಏನು ಮಾಡಲಿ?

ಸಾಗರದವ:

ಮೊದಲು ಇಳಿಜಾರು ಅಳೆಯಿರಿ ಅಣ್ಣಾ. ಒಂದು ಉದ್ದನೆಯ ರೀಪು, ಗಾರೆಯವರ ಹತ್ತಿರ ಇರುವ ಮಟ್ಟದ ಗೋಲು, ಟೇಪು ಸಾಕು. ರೀಪಿನ ಒಂದು ತುದಿ ನೆಲಕ್ಕಿಟ್ಟು ಮಟ್ಟ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಮೇಲಿದೆ ನೋಡಿ. ನಮ್ಮಲ್ಲಿ ರ್‍ಯಾಂಪ್ ಕಟ್ಟುವ ಲೆಕ್ಕ 12 ಅಡಿ ಉದ್ದಕ್ಕೆ 1 ಅಡಿ ಎತ್ತರ, ಅಂದರೆ 5 ಡಿಗ್ರಿಗೆ ಹತ್ತಿರ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಡಿಗ್ರಿವರೆಗೆ ಹತ್ತಬಹುದು, ಎಷ್ಟು ತೂಕದವರು ಕೂರಬಹುದು ಎಂದು ಬರೆದಿರುತ್ತದೆ. ನಿಮ್ಮ ದಾರಿ ಅದಕ್ಕಿಂತ ಕಡಿದಾಗಿದ್ದರೆ ಎಷ್ಟು ಹುಷಾರಾಗಿ ಓಡಿಸಿದರೂ ಬೇಡ. ದಾರಿಯನ್ನೇ ಸರಿ ಮಾಡಿಸಬೇಕು.

ವಿನೋಬನಗರದ ಟೀಚರ್:

ತಮ್ಮಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಶಿವಮೊಗ್ಗದಲ್ಲಿ ಆರು ವರ್ಷದಿಂದ ಇಂಥದೇ ಗಾಡಿಯಲ್ಲಿ ಓಡಾಡುತ್ತಿದ್ದೇನೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಹೋಯಿತು. ರಿಟೈರ್ ಆಗುವ ಹೊತ್ತಿಗೆ ಬಲಗಾಲೂ ಸೋತಿತು. ಗೋಣಿಚೀಲ ತೆಗೆಸಿ. ಆದರೆ ಇಳಿಜಾರಿಗೆ ಈಗಲೇ ಬಿಡಬೇಡಿ.

ಅಪ್ಪಯ್ಯ ಲಿವರ್ ಬಿಗಿಯಾಗಿ ಹಿಡಿದರು ಎಂದಿರಲ್ಲ, ಎಲ್ಲಾ ಅಲ್ಲೇ ಇದೆ. ಅವರು ಹಿಂದೆ ಸ್ಕೂಟರ್ ಓಡಿಸಿದವರಾ? ಬಜಾಜ್ ಚೇತಕ್ ಓಡಿಸಿದ ಕೈಗೆ ಲಿವರ್ ಹಿಂಡಿದರೆ ಬ್ರೇಕ್ ಎಂದು ಗೊತ್ತು. ಇದರಲ್ಲಿ ಉಲ್ಟಾ. ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೈ ಬಿಟ್ಟ ಕೂಡಲೇ ಮೋಟಾರು ನಿಧಾನವಾಗಿ, ಕರೆಂಟಿನ ಬ್ರೇಕ್ ತಾನೇ ಬೀಳುತ್ತದೆ. ತಲೆಗೆ ಇದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ, ಕೈಗೆ ಆಗುವುದಿಲ್ಲ. ನಾನು ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಕೈಗೆ ಮಾಡಿಸಬೇಕು. ಸಮತಟ್ಟು ಅಂಗಳದಲ್ಲಿ, ಸ್ಪೀಡ್ ತಿರುಪು ಆಮೆಯ ಚಿತ್ರದ ಕಡೆ ಪೂರ್ತಿ ತಿರುಗಿಸಿ, ಅವರನ್ನು ಓಡಿಸಲು ಬಿಡಿ. ನೀವು ಹಿಂದಿನಿಂದ ಇದ್ದಕ್ಕಿದ್ದಂತೆ 'ಬಿಡಿ!' ಎಂದು ಕೂಗಿ. ಅವರು ಎರಡೂ ಕೈ ಬಿಚ್ಚಬೇಕು. ದಿನಕ್ಕೆ ಇಪ್ಪತ್ತು ಸಲ, ಹತ್ತು ದಿನ. ಗಾಬರಿಯಾದಾಗಲೂ ಬೆರಳು ತಾನಾಗಿ ಬಿಚ್ಚಿಕೊಳ್ಳುವ ತನಕ ಇಳಿಜಾರು ಬೇಡ.

ಇನ್ನೊಂದು ವಿಷಯ ಇದೆ. ಇದನ್ನು ಹೇಳುವಾಗ ನನಗೆ ಈಗಲೂ ಕೈ ತಣ್ಣಗಾಗುತ್ತದೆ. ಗಾಡಿಯ ಹಿಂದೆ, ಮೋಟಾರಿನ ಹತ್ತಿರ ಒಂದು ಚಿಕ್ಕ ಲಿವರ್ ಇರುತ್ತದೆ. ಬ್ಯಾಟರಿ ಇಲ್ಲದಾಗ ಕೈಯಲ್ಲಿ ತಳ್ಳಿಕೊಂಡು ಹೋಗಲಿಕ್ಕೆ ಅದು. ಅದನ್ನು ತಿರುಗಿಸಿದರೆ ಮೋಟಾರಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಬ್ರೇಕ್ ಇರುವುದು ಮೋಟಾರಿನಲ್ಲೇ, ಹಾಗಾಗಿ ಬ್ರೇಕೂ ಹೋಯಿತು. ಮೂರು ವರ್ಷದ ಹಿಂದೆ ಅಕ್ಕನ ಮಗ ಗುಡಿಸಲಿಕ್ಕೆಂದು ಗಾಡಿಯನ್ನು ತಳ್ಳಿ ಗೇಟಿನ ಹತ್ತಿರದ ಇಳಿಜಾರಿನಲ್ಲಿ ನಿಲ್ಲಿಸಿದ್ದ, ಚಕ್ರಕ್ಕೆ ಇಟ್ಟಿಗೆ ಕೊಟ್ಟು. ಲಿವರ್ ವಾಪಸ್ ಹಾಕಲು ಮರೆತ. ನಾನು ಕೂತೆ, ಅವನು ಇಟ್ಟಿಗೆ ತೆಗೆದ. ಗಾಡಿ ಸುಮ್ನೆ ಹಿಂದಕ್ಕೆ ಜಾರತೊಡಗಿತು, ರಸ್ತೆಯ ಕಡೆಗೆ. ಲಿವರ್ ಒತ್ತಿದರೂ ಇಲ್ಲ, ಬಿಟ್ಟರೂ ಇಲ್ಲ. ಗೇಟಿನ ಕಂಬಕ್ಕೆ ಬಡಿದು ನಿಂತಿತು. ಭುಜದ ಮೂಳೆ ಬಿರುಕು ಬಿಟ್ಟು ಆರು ವಾರ ಕೈ ಜೋಲಿಯಲ್ಲಿತ್ತು. ಕಂಬ ಇಲ್ಲದಿದ್ದರೆ ಬಸ್ಸು ಓಡಾಡುವ ರಸ್ತೆ. ಹುಡುಗನದು ತಪ್ಪಲ್ಲ, ನಾನೇ ಅವನಿಗೆ ಹೇಳಿಕೊಟ್ಟಿರಲಿಲ್ಲ. ಈಗ ಆ ಲಿವರಿಗೆ ಕೆಂಪು ರಿಬ್ಬನ್ ಕಟ್ಟಿದ್ದೇನೆ. ಕೂರುವ ಮೊದಲು ಗಾಡಿಯನ್ನು ಒಮ್ಮೆ ತಳ್ಳಿ ನೋಡುತ್ತೇನೆ. ಅಲುಗಿದರೆ ಕೂರುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಇದನ್ನು ತೋರಿಸಿ, ಕೆಲಸದವರಿಗೂ.

ಗಾಡಿಗೆ ಹತ್ತಿ ಕೂರುವಾಗ, ಗಾಡಿಯಿಂದ ಇಳಿಯುವಾಗ ಕೀಲಿ ತೆಗೆದಿರಬೇಕು. ಮಂಡಿ ನೋವಿನವರು ಏಳುವಾಗ ಹ್ಯಾಂಡಲ್ ಹಿಡಿದೇ ಏಳುತ್ತಾರೆ, ಅಲ್ವಾ? ಬೆರಳು ಲಿವರಿಗೆ ತಾಗಿದರೆ ಗಾಡಿ ನೆಗೆಯುತ್ತದೆ. ಆದರೆ ಓಡುತ್ತಿರುವಾಗ ಮಾತ್ರ ಕೀಲಿ ತಿರುಗಿಸಬಾರದು, ಗಕ್ಕನೆ ನಿಂತು ಮುಂದಕ್ಕೆ ಮುಗ್ಗರಿಸುತ್ತದೆ.

ಇನ್ನು ನಿಮ್ಮ ತಿರುವು. ಇಳಿಜಾರಿನಲ್ಲಿ ಗಾಡಿ ನೇರ ಹೋಗಬೇಕು, ನೇರ ಬರಬೇಕು. ಅಡ್ಡ ತಿರುಗಿಸಿದರೆ ಭಾರವೆಲ್ಲ ತಗ್ಗಿನ ಕಡೆ ವಾಲುತ್ತದೆ, ಎತ್ತರದ ಕಡೆಯ ಚಕ್ರ ಏಳುತ್ತದೆ. ಮೊನ್ನೆ ಆದದ್ದು ಅದೇ. ಆ ತಿರುವನ್ನು ಕಡಿಸಿ ಮಟ್ಟ ಮಾಡಿಸಿ, ಒಂದು ಹಾಸಿಗೆ ಹಾಸುವಷ್ಟಾದರೂ ಸಮತಟ್ಟು ಜಾಗ ಬೇಕು. ಅಲ್ಲಿ ಪೂರ್ತಿ ನಿಂತು, ತಿರುಗಿಸಿ, ಮತ್ತೆ ನೇರ ಇಳಿಯಲಿ. ಹತ್ತುವಾಗ ಮೈ ಮುಂದಕ್ಕೆ ಬಾಗಲಿ. ಸೀಟಿನ ಬೆನ್ನಿಗೆ ಚೀಲ ನೇತುಹಾಕಬೇಡಿ, ಗಾಡಿ ಹಿಂದಕ್ಕೆ ಮಗುಚುತ್ತದೆ.

ಹೊಸನಗರದ ಸೊಸೆ:

ಟೀಚರ್ ಹೇಳಿದ್ದು ನೂರಕ್ಕೆ ನೂರು. ನಮ್ಮ ಮಾವನವರೂ ಬಳಸುತ್ತಾರೆ. ಪಂಚೆಯ ಬಗ್ಗೆ ಒಂದು ಮಾತು. ಅಂಚು ಚಕ್ರಕ್ಕೆ ಸಿಕ್ಕರೆ ಮನುಷ್ಯನನ್ನೇ ಎಳೆಯುತ್ತದೆ. ಮೇಲೆ ಕಟ್ಟಿ ಕೂರಲಿ, ಇಲ್ಲವೇ ಪೈಜಾಮ ಹಾಕಲಿ. ಶಾಲು ಇಳಿಬಿಡಬಾರದು. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸಲು ಬಿಡಬೇಡಿ. ನಿದ್ದೆ ಬರುವ ಮಾತ್ರೆ ತೆಗೆದುಕೊಳ್ಳುವ ದಿನ ಗಾಡಿ ಬೇಡ. ಕಣ್ಣಿನ ಪೊರೆ ಇದೆಯಾ ಎಂದೂ ನೋಡಿಸಿ. ಮಾವನವರಿಗೆ ಇತ್ತು, ನಮಗೆ ಗೊತ್ತೇ ಇರಲಿಲ್ಲ.

ತೋಟದಮನೆ:

ಕಣ್ಣಲ್ಲಿ ನೀರು ಬಂತು ಟೀಚರ್. ಹೌದು, ಅಪ್ಪಯ್ಯ ಇಪ್ಪತ್ತು ವರ್ಷ ಚೇತಕ್ ಓಡಿಸಿದವರು! ಇವತ್ತೇ ಆ ಹಿಂದಿನ ಲಿವರ್ ಹುಡುಕಿದೆವು. ನಮಗೆ ಯಾರಿಗೂ ಅದರ ವಿಷಯ ತಿಳಿದಿರಲಿಲ್ಲ. ರೀಪು ಹಿಡಿದು ಅಳೆದೆ, 12 ಅಡಿಗೆ ಎರಡಡಿ ಹತ್ತಿರ ಬರುತ್ತಿದೆ. ಪುಸ್ತಕದಲ್ಲಿ ಇರುವುದಕ್ಕಿಂತ ಜಾಸ್ತಿ.

ಮಳೆಗಾಲಕ್ಕೆ ನಾವು ಅಂಗಳದಲ್ಲಿ ಜಾರಬಾರದೆಂದು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸುತ್ತೇವೆ. ಗಾಡಿಗೂ ಅದೇ ಸಾಕಾ? ಅಪ್ಪಯ್ಯನಿಗೆ ಟಾರ್ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ದೂರದ ಹಾಲಿನ ಡೇರಿಗೆ ಹೋಗುವ ಆಸೆಯೂ ಇದೆ.

ವಿನೋಬನಗರದ ಟೀಚರ್:

ದಬ್ಬೆ ಕಾಲಿಗೆ ಒಳ್ಳೆಯದು, ಈ ಚಿಕ್ಕ ಚಕ್ರಕ್ಕೆ ಅಲ್ಲ. ನೆನೆದ ದಬ್ಬೆ ಅಲುಗುತ್ತದೆ, ಚಕ್ರ ಪಕ್ಕಕ್ಕೆ ಜಾರುತ್ತದೆ. ಗಾಡಿ ಓಡಾಡುವಷ್ಟು ಅಗಲ ಕಾಂಕ್ರೀಟ್ ಹಾಕಿಸಿ. ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಸಿ. ಚರಂಡಿ ಕಡೆಗೆ ಒಂದು ಗೇಣು ಎತ್ತರದ ಕಟ್ಟೆ ಬರಲಿ. ಪಾಚಿ ಕಟ್ಟಿದ ಕೂಡಲೇ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ಒಂದು ವಾರ ಬಿಟ್ಟರೂ ಸಾಬೂನಿನ ಹಾಗಾಗುತ್ತದೆ. ಇಳಿಜಾರು ತಗ್ಗಿಸಲು ದಾರಿಯನ್ನು ಉದ್ದ ಮಾಡಬೇಕು, ಅಂದರೆ ಸುತ್ತು ಬಳಸಿ ಬರಬೇಕು. ಈ ವರ್ಷ ಆಗದಿದ್ದರೆ ಅಪ್ಪಯ್ಯ ಅಂಗಳ, ಕೊಟ್ಟಿಗೆಯಲ್ಲೇ ಓಡಾಡಲಿ.

ಜಡಿಮಳೆಯಲ್ಲಿ ಹೊರಗೆ ಬೇಡವೇ ಬೇಡ. ಹ್ಯಾಂಡಲಿನ ಸ್ವಿಚ್ಚು, ಸೀಟಿನ ಕೆಳಗಿನ ವೈರು ನೀರಿಗೆ ಹಾಳಾಗುತ್ತವೆ. ಬ್ಯಾಟರಿ ಸೀಸದ್ದಾದರೆ ಗಾಡಿ ಮುಟ್ಟದ ವಾರವೂ ಚಾರ್ಜ್ ಮಾಡಿ. ಖಾಲಿಯಾಗಿ ನಿಂತರೆ ಸಾಯುತ್ತದೆ. ನಿಮ್ಮ ಕಡೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ಹಾಗಾಗಿ ಪ್ರತಿ ಸಲ ಓಡಾಡಿ ಬಂದ ಕೂಡಲೇ ಚಾರ್ಜಿಗೆ ಹಾಕುವ ಅಭ್ಯಾಸ ಒಳ್ಳೆಯದು. ದಿಬ್ಬ ಹತ್ತಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಪುಸ್ತಕದಲ್ಲಿ ಬರೆದ ಕಿಲೋಮೀಟರ್ ನಂಬಬೇಡಿ.

ಡೇರಿಯ ವಿಷಯದಲ್ಲಿ ನಾನು ಕಠಿಣವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಇಂಥ ಚಿಕ್ಕ ಗಾಡಿಗೆ ಗಂಟೆಗೆ 4 ಮೈಲಿ ಮಿತಿ, ಅಂದರೆ ಸುಮಾರು 6 ಕಿ.ಮೀ. ಅದು ಫುಟ್‌ಪಾತಿನ ಗಾಡಿ. ನಿಮ್ಮ ಘಟ್ಟದ ರಸ್ತೆಯಲ್ಲಿ ಫುಟ್‌ಪಾತ್ ಎಲ್ಲಿದೆ? ತಿರುವಿನಲ್ಲಿ ಬರುವ ಬಸ್ಸಿನವನಿಗೆ ಅಷ್ಟು ತಗ್ಗಿನಲ್ಲಿ ಕೂತ ಮನುಷ್ಯ ಕಾಣುವುದೇ ಇಲ್ಲ. ನಾನು ಇಲ್ಲಿ 100 ಅಡಿ ರಸ್ತೆ ದಾಟಬೇಕಾದರೆ ಸೀಟಿನ ಹಿಂದೆ ಬಿದಿರಿನ ಕೋಲಿಗೆ ಕಿತ್ತಳೆ ಬಾವುಟ ಕಟ್ಟಿರುತ್ತೇನೆ, ನನ್ನ ತಲೆಗಿಂತ ಎರಡಡಿ ಮೇಲೆ. ಆದರೂ ಒಬ್ಬಳೇ ದಾಟುವುದಿಲ್ಲ. ಡೇರಿಗೆ ಮಳೆಗಾಲ ಕಳೆದ ಮೇಲೆ, ಹಗಲು, ನೀವು ಬೈಕ್ ದೀಪ ಹಾಕಿ ಹಿಂದೆ ಬರುವುದಾದರೆ ಮಾತ್ರ.

ತೋಟದಮನೆ:

ಗಾರೆಯವರು ಸೋಮವಾರ ಬರುತ್ತಾರೆ. ತಿರುವು ಕಡಿದು ಮಟ್ಟ ಮಾಡುವುದು ಮಾತ್ರ ಈ ಸಲ, ಉಳಿದದ್ದು ದೀಪಾವಳಿ ಕಳೆದ ಮೇಲೆ. ಹಿಂದಿನ ಲಿವರಿಗೆ ಅಮ್ಮ ತಮ್ಮ ಹಳೇ ಕೆಂಪು ಸೀರೆಯ ಅಂಚು ಹರಿದು ಕಟ್ಟಿದರು. ಬೆಳಿಗ್ಗೆಯಿಂದ ಅಂಗಳದಲ್ಲಿ ಅಭ್ಯಾಸ ನಡೆಯುತ್ತಿದೆ. 'ಬಿಡಿ!' ಎಂದು ಕೂಗುವ ಕೆಲಸವನ್ನೂ ಅಮ್ಮನೇ ತೆಗೆದುಕೊಂಡಿದ್ದಾರೆ. ಹದಿನಾಲ್ಕು ಸಲದಲ್ಲಿ ಒಂಬತ್ತು ಸಲ ಅಪ್ಪಯ್ಯ ಕೈ ಬಿಟ್ಟರು.

ವಿನೋಬನಗರದ ಟೀಚರ್:

ಇಪ್ಪತ್ತಕ್ಕೆ ಇಪ್ಪತ್ತು ಬಂದ ದಿನ ನನಗೆ ಬರೆಯಿರಿ.